ಗಿಟ್‌ನಲ್ಲಿ ಕಡತದ ಹಳೆಯ ಆವೃತ್ತಿಯ ಮರುಸ್ಥಾಪನೆ

ಗಿಟ್‌ನಲ್ಲಿ ಕಡತದ ಹಳೆಯ ಆವೃತ್ತಿಯ ಮರುಸ್ಥಾಪನೆ ಎಂದರೆ, ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದ ಭಂಡಾರದಲ್ಲಿ ದಾಖಲಾಗಿರುವ ಒಂದು ಕಡತದ ಹಿಂದಿನ ರೂಪವನ್ನು ಮತ್ತೆ ಕೆಲಸದ ಕಡತಕೋಶಕ್ಕೆ ತಂದುಕೊಳ್ಳುವ ಕ್ರಿಯೆ. ಇದನ್ನು ಎರಡು ಬಗೆಯಲ್ಲಿ ಮಾಡಬಹುದು. ಮೊದಲನೆಯದರಲ್ಲಿ ಹಳೆಯ ರೂಪವು ಕಡತಕೋಶಕ್ಕೆ ಬರುವುದರ ಜೊತೆಗೆ ಮುಂದಿನ ಕಮಿಟ್‌ಗೆ ಸಿದ್ಧವಾದ ವಸ್ತುವಾಗಿಯೂ ನಮೂದಾಗುತ್ತದೆ. ಎರಡನೆಯದರಲ್ಲಿ ಅದು ಕಡತಕೋಶಕ್ಕೆ ಮಾತ್ರ ಬರುತ್ತದೆ; ಬಳಕೆದಾರನು ಅದನ್ನು ಓದಿ, ಈಗಿನ ರೂಪದೊಡನೆ ಹೋಲಿಸಿ, ಬೇಕೆನಿಸಿದರೆ ಮಾತ್ರ ಮುಂದಿನ ಕಮಿಟ್‌ಗೆ ಸೇರಿಸುತ್ತಾನೆ. ಈ ಲೇಖನವು ಮುಖ್ಯವಾಗಿ ಎರಡನೆಯ ಬಗೆಯನ್ನು ಕುರಿತದ್ದು. 2019ರಲ್ಲಿ ಹೊರಬಂದ ಗಿಟ್ 2.23ನೆಯ ಆವೃತ್ತಿಯಿಂದ ಇದಕ್ಕಾಗಿಯೇ ‘ರಿಸ್ಟೋರ್’ ಎಂಬ ಪ್ರತ್ಯೇಕ ಆದೇಶವಿದೆ.

ಈ ಲೇಖನದಲ್ಲಿ ಗಿಟ್‌ನ ಆದೇಶಗಳನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ಲ್ಯಾಟಿನ್ ಸಣ್ಣಕ್ಷರಗಳಲ್ಲಿ ಬರೆಯಬೇಕು. ‘ಹೆಡ್’ ಎಂಬುದನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಬರೆಯುವುದು ರೂಢಿ.

ಹಿನ್ನೆಲೆ

ಬರೆದುದನ್ನು ತಿದ್ದುವವರಿಗೆಲ್ಲ, ತಿದ್ದುವ ಮೊದಲಿನ ರೂಪವೇ ಚೆನ್ನಾಗಿತ್ತೆಂದು ಅನಿಸುವ ಗಳಿಗೆಯೊಂದು ಬರುತ್ತದೆ. ಗಣಕದ ಕಡತಗಳ ಹಿಂದಿನ ರೂಪಗಳನ್ನು ಕ್ರಮಬದ್ಧವಾಗಿ ಉಳಿಸಿಕೊಳ್ಳುವ ಪ್ರಯತ್ನಗಳಲ್ಲಿ ಮೊದಲು ಹೆಸರಾದುದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ 1972ರಲ್ಲಿ ಆರಂಭಿಸಿದ ಎಸ್‌ಸಿಸಿಎಸ್. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಖಿ ರೂಪಿಸಿದ ಆರ್‌ಸಿಎಸ್ 1982ರಲ್ಲಿ ಬಂದಿತು. ಅನಂತರ ಬಂದ ಸಿವಿಎಸ್ ಮತ್ತು ಸಬ್‌ವರ್ಷನ್‌ಗಳಲ್ಲಿ ಇಡೀ ಇತಿಹಾಸವು ಒಂದು ಕೇಂದ್ರ ಸರ್ವರ್‌ನಲ್ಲಿ ಇರುತ್ತಿತ್ತು.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್ ತಿಂಗಳಲ್ಲಿ. ಲಿನಕ್ಸ್ ಕರ್ನೆಲ್‌ನ ಅಭಿವೃದ್ಧಿಗೆ ಅದುವರೆಗೆ ಬಳಕೆಯಲ್ಲಿದ್ದ ಬಿಟ್‌ಕೀಪರ್ ತಂತ್ರಾಂಶವನ್ನು ಉಚಿತವಾಗಿ ಬಳಸುವ ಅವಕಾಶವು ಇಲ್ಲವಾದಾಗ, ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಇದರ ಮೊದಲ ರೂಪವನ್ನು ಬರೆದರು. ಅದೇ ವರ್ಷದ ಜುಲೈನಿಂದ ಜುನಿಯೊ ಹಮಾನೊ ಅದರ ನಿರ್ವಾಹಕರಾಗಿದ್ದಾರೆ. ಗಿಟ್‌ನಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬ ಬಳಕೆದಾರನ ಗಣಕದಲ್ಲಿಯೂ ಪೂರ್ಣ ಇತಿಹಾಸ ಇರುತ್ತದೆ. ಆದ್ದರಿಂದ ಹಳೆಯ ರೂಪವನ್ನು ಪಡೆಯಲು ಅಂತರಜಾಲದ ಸಂಪರ್ಕವೂ ಬೇಕಾಗುವುದಿಲ್ಲ.

ಮೂರು ನೆಲೆಗಳು

ಗಿಟ್‌ನಲ್ಲಿ ಒಂದು ಕಡತವು ಏಕಕಾಲದಲ್ಲಿ ಮೂರು ನೆಲೆಗಳಲ್ಲಿ ಇರುತ್ತದೆ. ಹೊಸಬರಿಗೆ ಗಿಟ್ ಗೊಂದಲಮಯವಾಗಿ ಕಾಣಲು ಬಹುಮಟ್ಟಿಗೆ ಇದೇ ಕಾರಣ. ಇದೊಂದನ್ನು ತಿಳಿದರೆ ಉಳಿದುದೆಲ್ಲ ಸುಲಭ.

ಮೊದಲನೆಯದು ಕಮಿಟ್‌ಗಳ ಇತಿಹಾಸ. ಪ್ರತಿಯೊಂದು ಕಮಿಟ್ ಆ ಕ್ಷಣದಲ್ಲಿ ಇಡೀ ಭಂಡಾರ ಹೇಗಿತ್ತೆಂಬುದರ ಚಿತ್ರ. ಅದಕ್ಕೆ ಸಾಮಾನ್ಯವಾಗಿ 40 ಅಂಕಾಕ್ಷರಗಳ ಒಂದು ಗುರುತುಸಂಖ್ಯೆ ಇದ್ದು, ಬಳಕೆಯಲ್ಲಿ ಅದರ ಮೊದಲ ಏಳೆಂಟು ಅಕ್ಷರಗಳೇ ಸಾಕಾಗುತ್ತವೆ. ಪ್ರಸಕ್ತ ಕಮಿಟ್‌ನ್ನು ‘ಹೆಡ್’ ಎಂಬ ಹೆಸರಿನಿಂದ ಸೂಚಿಸಲಾಗುತ್ತದೆ. ಎರಡನೆಯದು ಇಂಡೆಕ್ಸ್, ಇದಕ್ಕೆ ಸ್ಟೇಜಿಂಗ್ ಏರಿಯಾ ಎಂಬ ಹೆಸರೂ ಇದೆ. ಮುಂದಿನ ಕಮಿಟ್‌ನಲ್ಲಿ ಏನೇನು ಇರಬೇಕೆಂಬುದರ ಸಿದ್ಧತೆ ಇಲ್ಲಿ ನಡೆಯುತ್ತದೆ. ‘ಗಿಟ್ ಆ್ಯಡ್’ ಆದೇಶ ಕೊಟ್ಟಾಗ ಕಡತದ ಆ ಕ್ಷಣದ ರೂಪವು ಇಲ್ಲಿ ನಮೂದಾಗುತ್ತದೆ. ಮೂರನೆಯದು ಕೆಲಸದ ಕಡತಕೋಶ, ಅಂದರೆ ಸಂಪಾದಕ ತಂತ್ರಾಂಶದಲ್ಲಿ ತೆರೆದು ತಿದ್ದುವ, ಕಣ್ಣಿಗೆ ಕಾಣುವ ಕಡತಗಳು.

ಮುದ್ರಣಾಲಯವನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೇನಲ್ಲ. ಅಚ್ಚಾದ ಪುಸ್ತಕವನ್ನು ಇತಿಹಾಸಕ್ಕೂ, ಅಚ್ಚಿಗೆ ಹೋಗಲು ಕಟ್ಟಿಟ್ಟ ಪುಟಗಳನ್ನು ಇಂಡೆಕ್ಸಿಗೂ, ಮೇಜಿನ ಮೇಲೆ ಹರಡಿರುವ ಹಸ್ತಪ್ರತಿಯನ್ನು ಕೆಲಸದ ಕಡತಕೋಶಕ್ಕೂ ಹೋಲಿಸಬಹುದು. ಹಳೆಯ ಮುದ್ರಣದ ಒಂದು ಪುಟವನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡುವುದು ಒಂದು ಕೆಲಸ. ಅದನ್ನು ನೇರವಾಗಿ ಅಚ್ಚಿಗೆ ಹೋಗುವ ಕಟ್ಟಿನಲ್ಲಿ ತುರುಕುವುದು ಬೇರೆಯೇ ಕೆಲಸ.

ಸಮಸ್ಯೆಯ ಸ್ವರೂಪ

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಕೆಲವರು ಸೇರಿ ಒಂದು ಪದಕೋಶವನ್ನು ಸಿದ್ಧಪಡಿಸುತ್ತಿದ್ದಾರೆ. ‘ಪದಕೋಶ’ ಎಂಬ ಒಂದೇ ಕಡತದಲ್ಲಿ ಎಲ್ಲ ನಮೂದುಗಳೂ ಇವೆ ಎಂದು ಭಾವಿಸೋಣ. ಸೋಮವಾರ ಒಬ್ಬ ಸದಸ್ಯನು ಪುನರುಕ್ತಿಯೆಂದು ತಿಳಿದು ನಲವತ್ತು ನಮೂದುಗಳನ್ನು ತೆಗೆದುಹಾಕಿ ಕಮಿಟ್ ಮಾಡಿದನು. ಗುರುವಾರದ ಹೊತ್ತಿಗೆ ಉಳಿದವರು ಅದೇ ಕಡತದಲ್ಲಿ ನೂರಾರು ಕಾಗುಣಿತದ ತಪ್ಪುಗಳನ್ನು ತಿದ್ದಿದ್ದಾರೆ. ಅವುಗಳಲ್ಲಿ ಪರಿಶೀಲಿಸಿದ ಭಾಗವನ್ನು ‘ಗಿಟ್ ಆ್ಯಡ್’ ಮೂಲಕ ಇಂಡೆಕ್ಸಿಗೆ ಸೇರಿಸಿದ್ದಾರೆ. ಆಗ ತಿಳಿಯುತ್ತದೆ, ತೆಗೆದುಹಾಕಿದ ನಲವತ್ತರಲ್ಲಿ ಹಲವು ಪುನರುಕ್ತಿಗಳಲ್ಲ, ಪ್ರಾದೇಶಿಕ ರೂಪಗಳು. ಈಗ ಸೋಮವಾರಕ್ಕಿಂತ ಹಿಂದಿನ ಕಡತ ಬೇಕು, ಆದರೆ ಗುರುವಾರದ ದುಡಿಮೆ ಹಾಳಾಗಬಾರದು.

ಹಲವು ವರ್ಷಗಳ ಕಾಲ ಇಂಥ ಸಂದರ್ಭಕ್ಕೆ ಪುಸ್ತಕಗಳೂ ಪಾಠಗಳೂ ಹೇಳಿಕೊಟ್ಟ ಉತ್ತರ ‘ಗಿಟ್ ಚೆಕ್ಔಟ್’ ಎಂಬ ಆದೇಶ:

ಗಿಟ್ ಚೆಕ್ಔಟ್ ಹೆಡ್~3 -- ಪದಕೋಶ

ಇಲ್ಲಿ ‘ಹೆಡ್~3’ ಎಂದರೆ ಪ್ರಸಕ್ತ ಕಮಿಟ್‌ನಿಂದ ಮೂರು ಹೆಜ್ಜೆ ಹಿಂದಿನ ಕಮಿಟ್. ಈ ಆದೇಶವು ಹಳೆಯ ಕಡತವನ್ನು ತರುತ್ತದೆ ನಿಜ. ಆದರೆ ಅದು ಮೊದಲು ಹಳೆಯ ರೂಪವನ್ನು ಇಂಡೆಕ್ಸಿನಲ್ಲಿ ಬರೆದು, ಅಲ್ಲಿಂದ ಕಡತಕೋಶಕ್ಕೆ ಇಳಿಸುತ್ತದೆ. ಪರಿಣಾಮವಾಗಿ ಇಂಡೆಕ್ಸಿನಲ್ಲಿ ಜೋಪಾನವಾಗಿ ಕೂಡಿಟ್ಟಿದ್ದ ಗುರುವಾರದ ತಿದ್ದುಪಡಿಗಳ ಜಾಗದಲ್ಲಿ ಹಳೆಯ ರೂಪ ಬಂದು ಕೂರುತ್ತದೆ. ಕಡತಕೋಶದಲ್ಲಿದ್ದ, ಇನ್ನೂ ಸೇರಿಸದ ತಿದ್ದುಪಡಿಗಳೂ ಅಳಿಸಿಹೋಗುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ‘ಗಿಟ್ ಡಿಫ್’ ಎಂಬ ಆದೇಶವು ಇಂಡೆಕ್ಸಿಗೂ ಕಡತಕೋಶಕ್ಕೂ ಇರುವ ವ್ಯತ್ಯಾಸವನ್ನು ತೋರಿಸುತ್ತದೆ. ಚೆಕ್ಔಟ್ ಆದ ಬಳಿಕ ಎರಡು ಕಡೆಯೂ ಒಂದೇ ರೂಪ ಇರುವುದರಿಂದ ಡಿಫ್ ಏನನ್ನೂ ತೋರಿಸುವುದಿಲ್ಲ. ಏನೂ ಬದಲಾಗಿಲ್ಲವೆಂದು ನಂಬಿದ ಬಳಕೆದಾರನು ಬೇರೊಂದು ಕಡತಕ್ಕಾಗಿ ‘ಗಿಟ್ ಕಮಿಟ್’ ಎಂದರೆ, ಹಳೆಯ ಪದಕೋಶವೂ ಅದರೊಡನೆ ಇತಿಹಾಸಕ್ಕೆ ಸೇರಿಬಿಡುತ್ತದೆ. ಸಹೋದ್ಯೋಗಿಗಳ ಕೆಲಸವನ್ನು ಅರಿವಿಲ್ಲದೆ ಹಿಂದಕ್ಕೆ ತಿರುಗಿಸಿದ ಕಮಿಟ್‌ಗಳು ಹುಟ್ಟುವ ದಾರಿಗಳಲ್ಲಿ ಇದೂ ಒಂದು. ಇಂಥ ಸ್ಥಿತಿಯಲ್ಲಿ ‘ಗಿಟ್ ಡಿಫ್ --ಕ್ಯಾಶ್ಡ್’ ಎಂದರೆ ಮಾತ್ರ, ಹೆಡ್‌ಗೂ ಇಂಡೆಕ್ಸಿಗೂ ನಡುವಿನ ವ್ಯತ್ಯಾಸ ಕಾಣುತ್ತದೆ.

ಚೆಕ್ಔಟ್ ಎಂಬ ಒಂದೇ ಹೆಸರಿಗೆ ಹಲವು ಕೆಲಸಗಳನ್ನು ಹೊರಿಸಿದ್ದೂ ತೊಂದರೆಯೇ. ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗುವುದು ನಿರಪಾಯವಾದ ಕೆಲಸ. ಕಡತವನ್ನು ಮೇಲೆ ಬರೆದು ಅಳಿಸುವುದು ಅಪಾಯದ ಕೆಲಸ. ಎರಡಕ್ಕೂ ಅದೇ ಪದ. ಎರಡು ಅಡ್ಡಗೆರೆಗಳ ನಂತರ ಕಡತದ ಹೆಸರನ್ನು ಬರೆಯುವ ರೂಢಿ ಬಂದುದು, ಮುಂದಿರುವುದು ಶಾಖೆಯ ಹೆಸರಲ್ಲ, ಕಡತದ ಹೆಸರು ಎಂದು ಗಿಟ್‌ಗೆ ಸಂದೇಹವಿಲ್ಲದಂತೆ ತಿಳಿಸಲಿಕ್ಕಾಗಿ.

ರಿಸ್ಟೋರ್ ಆದೇಶ

ಈ ಗೊಂದಲವನ್ನು ನಿವಾರಿಸಲು 2019ರ ಆಗಸ್ಟ್‌ನಲ್ಲಿ ಬಿಡುಗಡೆಯಾದ 2.23ನೆಯ ಆವೃತ್ತಿಯಲ್ಲಿ ಚೆಕ್ಔಟ್‌ನ ಕೆಲಸಗಳನ್ನು ಎರಡು ಹೊಸ ಆದೇಶಗಳಿಗೆ ಹಂಚಲಾಯಿತು. ಶಾಖೆಗಳ ನಡುವೆ ಓಡಾಡಲು ‘ಸ್ವಿಚ್’, ಕಡತಗಳನ್ನು ಮರಳಿ ತರಲು ‘ರಿಸ್ಟೋರ್’. ಹಳೆಯ ಚೆಕ್ಔಟ್ ಆದೇಶವನ್ನು ತೆಗೆದುಹಾಕಲಿಲ್ಲ. ಲಕ್ಷಾಂತರ ಜನರ ಬೆರಳುಗಳಿಗೆ ಅಂಟಿದ ಅಭ್ಯಾಸವನ್ನು ಬಿಡಿಸುವುದು ಅಷ್ಟು ಸುಲಭವೂ ಅಲ್ಲ. ಹೊಸ ಆದೇಶಗಳ ಮೇಲೆ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿ ಆರು ವರ್ಷಗಳ ಕಾಲ ಇದ್ದು, 2025ರ 2.51ನೆಯ ಆವೃತ್ತಿಯಲ್ಲಿ ಅದನ್ನು ತೆಗೆಯಲಾಯಿತು.

ಮೇಲಿನ ಉದಾಹರಣೆಗೆ ರಿಸ್ಟೋರ್‌ನ ಬಳಕೆ ಹೀಗೆ:

ಗಿಟ್ ರಿಸ್ಟೋರ್ --ಸೋರ್ಸ್=ಹೆಡ್~3 ಪದಕೋಶ

‘ಸೋರ್ಸ್’ ಎಂಬ ಆಯ್ಕೆಯು ಯಾವ ಕಮಿಟ್‌ನಿಂದ ತರಬೇಕೆಂದು ಹೇಳುತ್ತದೆ. ಬೇರೆ ಏನನ್ನೂ ಹೇಳದಿದ್ದರೆ ರಿಸ್ಟೋರ್ ಕಡತಕೋಶವನ್ನು ಮಾತ್ರ ಬದಲಿಸುತ್ತದೆ. ಇಂಡೆಕ್ಸಿನಲ್ಲಿರುವ ನಮೂದನ್ನು ಮುಟ್ಟುವುದಿಲ್ಲ. ಆದ್ದರಿಂದ ಗುರುವಾರ ಇಂಡೆಕ್ಸಿಗೆ ಸೇರಿಸಿದ್ದ ತಿದ್ದುಪಡಿಗಳು ಸುರಕ್ಷಿತ. ಬಳಿಕ ‘ಗಿಟ್ ಸ್ಟೇಟಸ್’ ಎಂದು ಕೇಳಿದರೆ ಪದಕೋಶದ ಹೆಸರು ಎರಡು ಬಾರಿ ಕಾಣುತ್ತದೆ: ಕಮಿಟ್‌ಗೆ ಸಿದ್ಧವಾದವುಗಳ ಪಟ್ಟಿಯಲ್ಲಿ ಒಮ್ಮೆ, ಇನ್ನೂ ಸಿದ್ಧವಾಗದವುಗಳ ಪಟ್ಟಿಯಲ್ಲಿ ಇನ್ನೊಮ್ಮೆ. ಇದನ್ನು ಕಂಡು ಗಾಬರಿಯಾಗಬೇಕಿಲ್ಲ. ಮೂರು ನೆಲೆಗಳಲ್ಲಿ ಮೂರು ಬೇರೆ ಬೇರೆ ರೂಪಗಳಿವೆ ಎಂಬುದಷ್ಟೇ ಅದರ ಅರ್ಥ. ‘ಗಿಟ್ ಡಿಫ್’ ಈಗ ಗುರುವಾರದ ರೂಪಕ್ಕೂ ಹಳೆಯ ರೂಪಕ್ಕೂ ಇರುವ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುತ್ತದೆ. ಹಳೆಯದು ಬೇಡವೆನಿಸಿದರೆ ‘ಗಿಟ್ ರಿಸ್ಟೋರ್ ಪದಕೋಶ’ ಎಂದರೆ ಸಾಕು. ಸೋರ್ಸ್ ಹೇಳದಿದ್ದಾಗ ಕಡತವು ಇಂಡೆಕ್ಸಿನಿಂದಲೇ ಮರಳಿ ಬರುತ್ತದೆ.

ಇಂಡೆಕ್ಸಿನಲ್ಲಿಯೂ ಹಳೆಯ ರೂಪವೇ ಬೇಕಾದಾಗ ‘--ಸ್ಟೇಜ್ಡ್’ ಮತ್ತು ‘--ವರ್ಕ್‌ಟ್ರೀ’ ಎಂಬ ಎರಡೂ ಆಯ್ಕೆಗಳನ್ನು ಒಟ್ಟಿಗೆ ಕೊಡಬೇಕು. ಸ್ಟೇಜ್ಡ್ ಒಂದನ್ನೇ ಕೊಟ್ಟರೆ ಇಂಡೆಕ್ಸ್ ಮಾತ್ರ ಬದಲಾಗುತ್ತದೆ, ಕಡತಕೋಶ ಹಾಗೆಯೇ ಉಳಿಯುತ್ತದೆ. ಸೋರ್ಸ್ ಹೇಳದಿದ್ದರೆ ಆಗ ಹೆಡ್‌ನ ರೂಪವನ್ನು ತೆಗೆದುಕೊಳ್ಳಲಾಗುತ್ತದೆ. ಈ ಆಯ್ಕೆಗಳಿಗೆ ಒಂದಕ್ಷರದ ಸಂಕ್ಷಿಪ್ತ ರೂಪಗಳೂ ಇವೆ. ಸಣ್ಣಕ್ಷರದ ‘ಎಸ್’ ಸೋರ್ಸ್‌ಗೆ, ದೊಡ್ಡಕ್ಷರದ ‘ಎಸ್’ ಸ್ಟೇಜ್ಡ್‌ಗೆ. ಗೊಂದಲ ನಿವಾರಣೆಗೆಂದೇ ಹುಟ್ಟಿದ ಆದೇಶದಲ್ಲಿ ಇಂಥ ಆಯ್ಕೆ ಬೇಕಿರಲಿಲ್ಲ. ಕಲಿಯುವವರು ಪೂರ್ಣ ಪದಗಳನ್ನೇ ಬರೆಯುವುದು ಕ್ಷೇಮ.

ಇಡೀ ಕಡತಕೋಶಕ್ಕೆ ರಿಸ್ಟೋರ್ ಅನ್ವಯಿಸುವಾಗ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಳೆಯ ಕಮಿಟ್‌ನಲ್ಲಿ ಇಲ್ಲದ, ಆದರೆ ಈಗ ಗಿಟ್‌ನ ನಿಗಾದಲ್ಲಿರುವ ಕಡತಗಳನ್ನು ರಿಸ್ಟೋರ್ ಕಡತಕೋಶದಿಂದ ತೆಗೆದುಹಾಕುತ್ತದೆ. ಆಯಾ ಜಾಗವನ್ನು ಹಳೆಯ ಕಮಿಟ್‌ಗೆ ಸಂಪೂರ್ಣವಾಗಿ ಸರಿಹೊಂದಿಸುವುದು ಅದರ ಸ್ವಭಾವ. ಚೆಕ್ಔಟ್ ಹಾಗೆ ಮಾಡದೆ, ಹಳೆಯವನ್ನು ಇರುವವುಗಳ ಮೇಲೆ ಹೊದಿಸುತ್ತದೆ. ರಿಸ್ಟೋರ್‌ಗೂ ಅದೇ ನಡವಳಿಕೆ ಬೇಕಾದರೆ ‘--ಓವರ್‌ಲೇ’ ಎಂಬ ಆಯ್ಕೆ ಇದೆ. ಪ್ರಸಕ್ತ ಜಾಗವನ್ನೆಲ್ಲ ಸೂಚಿಸುವ ಒಂದೇ ಒಂದು ಚುಕ್ಕೆಯನ್ನು ಕಡತದ ಹೆಸರಿನ ಬದಲಿಗೆ ಬರೆದು, ವಾರದ ಹಿಂದಷ್ಟೇ ಸೇರಿಸಿದ ಕಡತಗಳು ಎಲ್ಲಿ ಹೋದವೆಂದು ಹುಡುಕುವಂತಾಗಬಾರದು.

ಬೇಕಾದ ಆವೃತ್ತಿಯನ್ನು ಗುರುತಿಸುವುದು

ಮರುಸ್ಥಾಪನೆಗಿಂತ, ಯಾವ ಆವೃತ್ತಿ ಬೇಕೆಂದು ಕಂಡುಹಿಡಿಯುವುದಕ್ಕೇ ಹಲವು ವೇಳೆ ಹೆಚ್ಚು ಸಮಯ ಹಿಡಿಯುತ್ತದೆ. ‘ಗಿಟ್ ಲಾಗ್ -- ಪದಕೋಶ’ ಎಂದರೆ ಆ ಕಡತವನ್ನು ಮುಟ್ಟಿದ ಕಮಿಟ್‌ಗಳು ಮಾತ್ರ ಪಟ್ಟಿಯಾಗುತ್ತವೆ. ಕಡತದ ಹೆಸರು ನಡುವೆ ಬದಲಾಗಿದ್ದರೆ ‘--ಫಾಲೋ’ ಎಂಬ ಆಯ್ಕೆಯನ್ನು ಸೇರಿಸಬೇಕು. ಇಲ್ಲವಾದರೆ ಹೆಸರು ಬದಲಾದಲ್ಲಿಗೆ ಇತಿಹಾಸ ನಿಂತುಹೋದಂತೆ ಕಾಣುತ್ತದೆ. ಒಂದು ನಿರ್ದಿಷ್ಟ ಪದ ಯಾವಾಗ ಕಾಣೆಯಾಯಿತೆಂದು ತಿಳಿಯಲು ದೊಡ್ಡಕ್ಷರದ ‘ಎಸ್’ ಆಯ್ಕೆಯೊಡನೆ ಆ ಪದವನ್ನು ಕೊಟ್ಟರೆ, ಕಡತದಲ್ಲಿ ಆ ಪದ ಬರುವ ಎಣಿಕೆ ಬದಲಾದ ಕಮಿಟ್‌ಗಳನ್ನು ಲಾಗ್ ಆರಿಸಿಕೊಡುತ್ತದೆ. ತೆಗೆದುಹಾಕಿದ ಪ್ರಾದೇಶಿಕ ರೂಪಗಳಲ್ಲಿ ಒಂದಾದರೂ ನೆನಪಿದ್ದರೆ, ಆ ಸೋಮವಾರದ ಕಮಿಟ್ ಹೀಗೆ ಕೂಡಲೇ ಸಿಗುತ್ತದೆ.

ಸಿಕ್ಕಿದ ಮೇಲೆ ನೆನಪಿಡಬೇಕಾದ ಒಂದು ಅಂಶವಿದೆ. ಸೋಮವಾರದ ಕಮಿಟ್ ಎಂದರೆ ನಮೂದುಗಳನ್ನು ತೆಗೆದ ಮೇಲಿನ ಚಿತ್ರ. ಬೇಕಾಗಿರುವುದು ಅದಕ್ಕೂ ಹಿಂದಿನದು. ಆದ್ದರಿಂದ ಗುರುತುಸಂಖ್ಯೆಯ ಕೊನೆಯಲ್ಲಿ ‘~1’ ಎಂದು ಸೇರಿಸಿ ಅದರ ಹಿಂದಿನ ಕಮಿಟ್‌ನ್ನು ಸೂಚಿಸಬೇಕು. ಇದೇ ಅರ್ಥಕ್ಕೆ ಮೊನಚಾದ ಟೋಪಿಯಂಥ ಚಿಹ್ನೆಯನ್ನು ಬಳಸುವುದೂ ಉಂಟು. ಆದರೆ ವಿಂಡೋಸ್‌ನ ಹಳೆಯ ಆದೇಶ ಕಿಟಕಿಯಲ್ಲಿ ಆ ಚಿಹ್ನೆಗೆ ಬೇರೆ ಅರ್ಥವಿರುವುದರಿಂದ ಅದು ಗಿಟ್‌ನ್ನು ತಲುಪದೆಯೇ ಹೋಗಬಹುದು.

ಕಡತವನ್ನು ಬದಲಿಸುವ ಮೊದಲು ‘ಗಿಟ್ ಡಿಫ್ ಹೆಡ್~3 -- ಪದಕೋಶ’ ಎಂದು ಹಳೆಯ ರೂಪವನ್ನು ಕಡತಕೋಶದಲ್ಲಿರುವ ರೂಪದೊಡನೆ ಹೋಲಿಸಿ ನೋಡಬಹುದು. ಓದುವುದಷ್ಟೇ ಉದ್ದೇಶವಾದರೆ ಮರುಸ್ಥಾಪನೆಯ ಅಗತ್ಯವೇ ಇಲ್ಲ: ‘ಗಿಟ್ ಶೋ ಹೆಡ್~3:ಪದಕೋಶ’ ಎಂಬ ಆದೇಶವು ಹಳೆಯ ಕಡತವನ್ನು ಪರದೆಯ ಮೇಲೆ ಮೂಡಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ವಿರಾಮಚಿಹ್ನೆಯ ನಂತರದ ಹೆಸರನ್ನು ಭಂಡಾರದ ಮೂಲದಿಂದ ಎಣಿಸಿ ಬರೆಯಬೇಕು. ಈಗಿರುವ ಜಾಗದಿಂದ ಎಣಿಸಬೇಕಾದರೆ ಚುಕ್ಕೆ ಮತ್ತು ಓರೆಗೆರೆಯಿಂದ ಆರಂಭಿಸಬೇಕು.

ಭಾಗಶಃ ಮರುಸ್ಥಾಪನೆ

ಪದಕೋಶದ ಉದಾಹರಣೆಯಲ್ಲಿ ನಿಜವಾಗಿ ಬೇಕಾಗಿರುವುದು ಇಡೀ ಹಳೆಯ ಕಡತವಲ್ಲ, ಅದರಿಂದ ಕಾಣೆಯಾದ ನಮೂದುಗಳು ಮಾತ್ರ. ರಿಸ್ಟೋರ್‌ಗೆ ‘--ಪ್ಯಾಚ್’ ಎಂಬ ಆಯ್ಕೆಯನ್ನು ಸೇರಿಸಿದರೆ ಗಿಟ್ ವ್ಯತ್ಯಾಸಗಳನ್ನು ತುಂಡುತುಂಡಾಗಿ ತೋರಿಸುತ್ತ, ಪ್ರತಿಯೊಂದನ್ನೂ ಕಡತಕೋಶಕ್ಕೆ ಅನ್ವಯಿಸಬೇಕೇ ಎಂದು ಕೇಳುತ್ತದೆ. ‘ವೈ’ ಎಂದರೆ ಹೌದು, ‘ಎನ್’ ಎಂದರೆ ಬೇಡ, ‘ಕ್ಯೂ’ ಎಂದರೆ ಇಲ್ಲಿಗೆ ನಿಲ್ಲಿಸು. ತುಂಡು ದೊಡ್ಡದಾಗಿದ್ದರೆ ‘ಎಸ್’ ಒತ್ತಿ ಅದನ್ನು ಇನ್ನೂ ಚಿಕ್ಕದಾಗಿ ಒಡೆಯಬಹುದು. ‘ಇ’ ಒತ್ತಿ ಕೈಯಿಂದಲೇ ತಿದ್ದಬಹುದು. ಹೀಗೆ ಅಳಿಸಿದ ನಮೂದುಗಳ ತುಂಡುಗಳಿಗೆ ಹೌದೆಂದೂ, ಕಾಗುಣಿತದ ತುಂಡುಗಳಿಗೆ ಬೇಡವೆಂದೂ ಉತ್ತರಿಸುತ್ತ ಹೋದರೆ ಸೋಮವಾರದ ನಷ್ಟ ತುಂಬಿ, ಗುರುವಾರದ ದುಡಿಮೆಯೂ ಉಳಿಯುತ್ತದೆ. ನೂರಾರು ತುಂಡುಗಳಿದ್ದರೆ ಇದು ತಾಳ್ಮೆ ಬೇಡುವ ಕೆಲಸ. ಆದರೂ ಹಳೆಯ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲಿ ನಕಲು ಮಾಡುವುದಕ್ಕಿಂತ ಹೆಚ್ಚು ನಂಬಲರ್ಹ.

ರಿಸ್ಟೋರ್ ಇಲ್ಲದಲ್ಲಿ

2.23ಕ್ಕಿಂತ ಹಿಂದಿನ ಗಿಟ್ ಇರುವ ಗಣಕಗಳಲ್ಲಿ ಕೆಲವು ಹಳೆಯ ವಿಧಾನಗಳು ಇಂದಿಗೂ ಬೇಕಾಗುತ್ತವೆ. ಅವುಗಳಲ್ಲಿ ಹೆಚ್ಚು ಪ್ರಚಲಿತವಾದುದು, ‘ಗಿಟ್ ಶೋ’ ಪರದೆಗೆ ಕೊಡುವ ಪಠ್ಯವನ್ನು ‘>’ ಚಿಹ್ನೆಯ ಮೂಲಕ ಕಡತಕ್ಕೆ ತಿರುಗಿಸುವುದು:

ಗಿಟ್ ಶೋ ಹೆಡ್~3:ಪದಕೋಶ > ಪದಕೋಶ

ಇಂಡೆಕ್ಸ್ ಇಲ್ಲಿಯೂ ಬದಲಾಗುವುದಿಲ್ಲ. ಆದರೆ ಈ ಸಾಲಿನಲ್ಲಿ ಒಂದು ಕುಣಿಕೆ ಅಡಗಿದೆ. ‘>’ ಚಿಹ್ನೆಯನ್ನು ಅರ್ಥೈಸುವುದು ಗಿಟ್ ಅಲ್ಲ, ಆದೇಶಗಳನ್ನು ಸ್ವೀಕರಿಸುವ ಶೆಲ್. ಅದು ಗಿಟ್‌ನ್ನು ಚಾಲನೆಗೊಳಿಸುವ ಮೊದಲೇ ಎದುರಿನ ಕಡತವನ್ನು ಬರಿದು ಮಾಡಿರುತ್ತದೆ. ಕಮಿಟ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಗಿಟ್ ದೋಷಸಂದೇಶ ಕೊಟ್ಟು ನಿಲ್ಲುತ್ತದೆ. ಅಷ್ಟರಲ್ಲಿ ಕಡತ ಖಾಲಿ. ಆದ್ದರಿಂದ ಮೊದಲು ಬೇರೊಂದು ಹೆಸರಿಗೆ ಬರೆದು, ತೆರೆದು ನೋಡಿ, ಆಮೇಲೆ ಮೂಲ ಹೆಸರಿಗೆ ಬದಲಾಯಿಸುವುದೇ ಸರಿಯಾದ ಕ್ರಮ. ಇದಲ್ಲದೆ, ಭಂಡಾರದಿಂದ ಕಡತ ಹೊರಬರುವಾಗ ಸಾಲಿನ ಅಂತ್ಯದ ಚಿಹ್ನೆಗಳನ್ನು ಪರಿವರ್ತಿಸುವಂತೆ ಗಿಟ್‌ನ್ನು ಹೊಂದಿಸಿದ್ದರೆ ಆ ಪರಿವರ್ತನೆ ಈ ದಾರಿಯಲ್ಲಿ ನಡೆಯುವುದಿಲ್ಲ. ‘ಗಿಟ್ ಕ್ಯಾಟ್-ಫೈಲ್’ ಆದೇಶವನ್ನು ‘--ಫಿಲ್ಟರ್ಸ್’ ಆಯ್ಕೆಯೊಡನೆ ಬಳಸಿದರೆ ನಡೆಯುತ್ತದೆ.

ಎರಡನೆಯ ವಿಧಾನ, ಮೊದಲು ಚೆಕ್ಔಟ್ ಮಾಡಿ ಆಮೇಲೆ ‘ಗಿಟ್ ರೀಸೆಟ್ -- ಪದಕೋಶ’ ಎಂದು ಇಂಡೆಕ್ಸಿನಿಂದ ಹಿಂತೆಗೆಯುವುದು. ಹಲವರು ಇದನ್ನೇ ಪೂರ್ಣ ಪರಿಹಾರವೆಂದು ಹೇಳಿಕೊಡುತ್ತಾರೆ. ಇಂಡೆಕ್ಸಿನಲ್ಲಿ ಮೊದಲು ಏನೂ ಇರಲಿಲ್ಲವಾದರೆ ಅದು ನಿಜ. ಇದ್ದಿದ್ದರೆ ನಿಜವಲ್ಲ, ರೀಸೆಟ್ ಇಂಡೆಕ್ಸನ್ನು ಹೆಡ್‌ನ ರೂಪಕ್ಕೆ ಒಯ್ಯುತ್ತದೆಯೇ ಹೊರತು, ಚೆಕ್ಔಟ್‌ಗೆ ಮುಂಚೆ ಅಲ್ಲಿದ್ದ ಅರ್ಧ ಸಿದ್ಧತೆಯನ್ನು ಮರಳಿಸುವುದಿಲ್ಲ.

ಹಳೆಯ ಮತ್ತು ಹೊಸ ರೂಪಗಳು ಅಕ್ಕಪಕ್ಕದಲ್ಲಿಯೇ ಬೇಕಾದಾಗ ‘ಗಿಟ್ ವರ್ಕ್‌ಟ್ರೀ ಆ್ಯಡ್’ ಎಂಬ ಆದೇಶ ಅನುಕೂಲ. 2015ರ 2.5ನೆಯ ಆವೃತ್ತಿಯಲ್ಲಿ ಬಂದ ಇದು, ಅದೇ ಭಂಡಾರಕ್ಕೆ ಇನ್ನೊಂದು ಕೆಲಸದ ಕಡತಕೋಶವನ್ನು ಬೇರೆ ಜಾಗದಲ್ಲಿ ತೆರೆದು, ಅಲ್ಲಿ ಹಳೆಯ ಕಮಿಟ್‌ನ್ನು ಪೂರ್ತಿಯಾಗಿ ಹರಡುತ್ತದೆ. ಆ ಕೋಶಕ್ಕೆ ತನ್ನದೇ ಇಂಡೆಕ್ಸ್ ಇರುವುದರಿಂದ ಇಲ್ಲಿನ ಕೆಲಸಕ್ಕೆ ಯಾವ ಬಾಧೆಯೂ ಇಲ್ಲ.

‘ಗಿಟ್ ರಿವರ್ಟ್’ ಎಂಬುದು ಹೆಸರಿನಿಂದ ಇದೇ ಕೆಲಸ ಮಾಡುವಂತೆ ತೋರಿದರೂ ಬೇರೆಯೇ ಆದುದು. ಅದು ಒಂದು ಕಮಿಟ್ ಮಾಡಿದ ಬದಲಾವಣೆಗಳನ್ನು ತಿರುಗುಮುರುಗು ಮಾಡುವ ಹೊಸ ಕಮಿಟ್‌ನ್ನು ಸೇರಿಸುತ್ತದೆ.

ಅಳಿಸಿಹೋದ ಕಡತಗಳು

ಹಿಂದೆಂದೋ ಅಳಿಸಿ ಕಮಿಟ್ ಮಾಡಲಾದ ಕಡತವನ್ನೂ ಇದೇ ರೀತಿ ತರಬಹುದು. ಲಾಗ್‌ನಲ್ಲಿ ಆ ಹೆಸರಿನ ಕಟ್ಟಕಡೆಯ ಕಮಿಟ್ ಅದನ್ನು ಅಳಿಸಿದ ಕಮಿಟ್ ಆಗಿರುತ್ತದೆ. ಅಲ್ಲಿ ಕಡತವಿಲ್ಲ, ಅದರ ಹಿಂದಿನದರಲ್ಲಿ ಇದೆ. ಮರಳಿ ಬಂದ ಕಡತದ ನಮೂದು ಇಂಡೆಕ್ಸಿನಲ್ಲಿ ಇಲ್ಲವಾದ್ದರಿಂದ, ಸ್ಟೇಟಸ್ ಅದನ್ನು ಗಿಟ್‌ನ ನಿಗಾದಲ್ಲಿಲ್ಲದ ಹೊಸ ಕಡತವೆಂದು ತೋರಿಸುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ‘ಗಿಟ್ ಆ್ಯಡ್’ ಮಾಡುವುದನ್ನು ಮರೆಯಬಾರದು.

ನಷ್ಟದ ಸಂಭವ

ಗಿಟ್‌ನಲ್ಲಿ ಏನೂ ಕಳೆದುಹೋಗುವುದಿಲ್ಲವೆಂಬ ಮಾತು ಪ್ರಚಲಿತವಾಗಿದೆ. ಅದು ಕಮಿಟ್ ಆದುದಕ್ಕೆ ಬಹುಮಟ್ಟಿಗೆ ಅನ್ವಯಿಸುತ್ತದೆ, ಆಗದಿರುವುದಕ್ಕೆ ಅಲ್ಲ. ರಿಸ್ಟೋರ್ ಕಡತಕೋಶದ ಕಡತದ ಮೇಲೆಯೇ ಹಳೆಯ ರೂಪವನ್ನು ಬರೆಯುತ್ತದೆ. ಇಂಡೆಕ್ಸಿಗಾಗಲಿ ಕಮಿಟ್‌ಗಾಗಲಿ ಸೇರದ ತಿದ್ದುಪಡಿಗಳು ಅಲ್ಲಿದ್ದರೆ ಅವುಗಳ ಪ್ರತಿ ಗಿಟ್‌ನಲ್ಲಿ ಎಲ್ಲಿಯೂ ಇರುವುದಿಲ್ಲ. ಅದು ದೃಢೀಕರಣವನ್ನೂ ಕೇಳುವುದಿಲ್ಲ. ಕೆಲವು ಸಂಪಾದಕ ತಂತ್ರಾಂಶಗಳು ತಮ್ಮದೇ ಆದ ಸ್ಥಳೀಯ ಇತಿಹಾಸವನ್ನು ಇಟ್ಟುಕೊಳ್ಳುವುದರಿಂದ ಅಲ್ಲಿ ಸಿಕ್ಕರೆ ಅದೃಷ್ಟ.

ಒಮ್ಮೆಯಾದರೂ ‘ಗಿಟ್ ಆ್ಯಡ್’ ಆಗಿದ್ದರೆ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಆ ಕ್ಷಣದಲ್ಲಿಯೇ ಕಡತದ ಪೂರ್ಣ ಪಠ್ಯವು ಭಂಡಾರದಲ್ಲಿ ಒಂದು ವಸ್ತುವಾಗಿ ಬರೆಯಲ್ಪಟ್ಟಿರುತ್ತದೆ. ಆಮೇಲೆ ಚೆಕ್ಔಟ್ ಇಂಡೆಕ್ಸಿನ ನಮೂದನ್ನು ಅಳಿಸಿದರೂ ಆ ವಸ್ತು ಅನಾಥವಾಗಿ ಉಳಿದಿರುತ್ತದೆ. ‘ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್’ ಎಂಬ ಆದೇಶವು ಇಂಥ ಅನಾಥ ವಸ್ತುಗಳನ್ನು ಒಟ್ಟುಗೂಡಿಸಿ ಕೊಡುತ್ತದೆ. ಅವುಗಳಿಗೆ ಕಡತದ ಹೆಸರು ಇರುವುದಿಲ್ಲ, ಒಂದೊಂದನ್ನೇ ತೆರೆದು ಗುರುತಿಸಬೇಕು. ವಿಳಂಬವೂ ಸಲ್ಲದು, ಗಿಟ್ ಆಗಾಗ ನಡೆಸುವ ಶುಚಿಕಾರ್ಯದಲ್ಲಿ ಎರಡು ವಾರಗಳಿಗಿಂತ ಹಳೆಯ ಅನಾಥ ವಸ್ತುಗಳನ್ನು ತೆಗೆದುಹಾಕುವುದು ಅದರ ಪೂರ್ವನಿಯೋಜಿತ ಕ್ರಮ.

ಮುನ್ನೆಚ್ಚರಿಕೆ ಬಲು ಸರಳ. ಮರುಸ್ಥಾಪನೆಗೆ ಮೊದಲು ‘ಗಿಟ್ ಸ್ಟೇಟಸ್’ ನೋಡಬೇಕು. ಸೇರಿಸದ ತಿದ್ದುಪಡಿಗಳಿದ್ದರೆ ‘ಗಿಟ್ ಸ್ಟ್ಯಾಶ್’ ಮೂಲಕ ಎತ್ತಿಡಬಹುದು, ಇಲ್ಲವೇ ಕಡತದ ಒಂದು ನಕಲನ್ನು ಬೇರೆ ಹೆಸರಿನಲ್ಲಿ ಮಾಡಿಕೊಳ್ಳಬಹುದು. ಗಿಟ್ ಬಲ್ಲವರು ಎರಡನೆಯದನ್ನು ನೋಡಿ ನಕ್ಕರೂ ಅದರಿಂದ ಯಾರ ಕೆಲಸವೂ ಹಾಳಾದುದಿಲ್ಲ.

ಸ್ಟೇಜ್ ಮಾಡದೆ ತಂದುದರ ಪ್ರಯೋಜನವನ್ನು ಒಂದೇ ಅಭ್ಯಾಸ ಇಲ್ಲವಾಗಿಸಬಲ್ಲದು. ‘ಗಿಟ್ ಕಮಿಟ್’ ಜೊತೆಗೆ ‘ಎ’ ಎಂಬ ಆಯ್ಕೆಯನ್ನು ಯಾವಾಗಲೂ ಸೇರಿಸುವವರು ಹಲವರಿದ್ದಾರೆ. ಅದು ನಿಗಾದಲ್ಲಿರುವ ಎಲ್ಲ ಬದಲಾದ ಕಡತಗಳನ್ನೂ ತಾನಾಗಿ ಸೇರಿಸಿಕೊಳ್ಳುತ್ತದೆ. ಓದಿ ನೋಡಲೆಂದು ತಂದಿಟ್ಟ ಹಳೆಯ ರೂಪವೂ ಅದರಲ್ಲಿ ಸೇರುತ್ತದೆ.

ಕನ್ನಡ ಪಠ್ಯ ಮತ್ತು ಕಡತನಾಮಗಳು

ಗಿಟ್ ಕನ್ನಡ ಪಠ್ಯವನ್ನು ಯಾವ ತೊಂದರೆಯೂ ಇಲ್ಲದೆ ಕಾಪಾಡುತ್ತದೆ, ಏಕೆಂದರೆ ಕಡತದೊಳಗಿನ ಬೈಟುಗಳನ್ನು ಅದು ಇದ್ದಂತೆಯೇ ಇಡುತ್ತದೆ. ತೊಂದರೆ ಬರುವುದು ಕಡತದ ಹೆಸರು ಕನ್ನಡದಲ್ಲಿರುವಾಗ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಾಕ್ಷರಕ್ಕೂ ಮೂರು ಬೈಟುಗಳು ಬೇಕು. ಗಿಟ್‌ನ ಪೂರ್ವನಿಯೋಜಿತ ಹೊಂದಾಣಿಕೆಯಲ್ಲಿ ಸ್ಟೇಟಸ್ ಇವುಗಳನ್ನು ಅಕ್ಷರಗಳಾಗಿ ತೋರಿಸದೆ ಎಂಟರ ಮಾನದ ಸಂಖ್ಯೆಗಳಾಗಿ ತೋರಿಸುತ್ತದೆ. ‘ಪ’ ಎಂಬ ಒಂದಕ್ಷರವೇ 340, 262, 252 ಎಂದು ಓರೆಗೆರೆಗಳ ನಡುವೆ ಕಾಣುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಬಾರದು, ‘ಕೋರ್.ಕೋಟ್‌ಪಾತ್’ ಎಂಬ ಹೊಂದಾಣಿಕೆಗೆ ‘ಫಾಲ್ಸ್’ ಎಂಬ ಬೆಲೆ ಕೊಟ್ಟರೆ ಹೆಸರು ಕನ್ನಡದಲ್ಲಿಯೇ ಕಾಣುತ್ತದೆ.

ನಿಜವಾಗಿಯೂ ಪಠ್ಯ ಕೆಡುವ ಒಂದು ಸಂದರ್ಭವುಂಟು. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1ರಲ್ಲಿ ಮೇಲೆ ಹೇಳಿದ ‘>’ ವಿಧಾನವನ್ನು ಬಳಸಿದರೆ, ಪವರ್‌ಶೆಲ್ ಗಿಟ್‌ನಿಂದ ಬಂದ ಬೈಟುಗಳನ್ನು ತನಗೆ ತಿಳಿದ ಸಂಕೇತದಂತೆ ಓದಿ, ಯುಟಿಎಫ್-16 ಆಗಿ ಬರೆಯುತ್ತದೆ. ಇಂಗ್ಲಿಷ್ ಅಕ್ಷರಗಳು ಹೇಗೋ ಪಾರಾದರೂ ಕನ್ನಡದ ಅಕ್ಷರಗಳು ಅರ್ಥವಿಲ್ಲದ ಚಿಹ್ನೆಗಳಾಗಬಹುದು. ಗಿಟ್ ಆ ಕಡತವನ್ನು ಪಠ್ಯವೆಂದೇ ಗುರುತಿಸದೆ ವ್ಯತ್ಯಾಸ ತೋರಿಸಲು ನಿರಾಕರಿಸುತ್ತದೆ. ಪವರ್‌ಶೆಲ್ 7.4ರಿಂದ ಬೈಟುಗಳು ಬದಲಾಗದೆ ಕಡತಕ್ಕೆ ಹೋಗುತ್ತವೆ. ರಿಸ್ಟೋರ್ ಆದೇಶವು ಕಡತವನ್ನು ತಾನೇ ಬರೆಯುವುದರಿಂದ ಅದಕ್ಕೆ ಈ ತೊಡಕು ಯಾವ ಶೆಲ್‌ನಲ್ಲಿಯೂ ಇಲ್ಲ. ಕನ್ನಡದಲ್ಲಿ ಬರೆಯುವವರು ರಿಸ್ಟೋರ್‌ನ್ನೇ ಆರಿಸಿಕೊಳ್ಳಲು ಇದು ಸಾಕಷ್ಟು ದೊಡ್ಡ ಕಾರಣ.

ಇತರ ವ್ಯವಸ್ಥೆಗಳಲ್ಲಿ

ಇಂಡೆಕ್ಸ್ ಎಂಬ ನಡುವಿನ ನೆಲೆ ಸಬ್‌ವರ್ಷನ್ ಮತ್ತು ಮರ್ಕ್ಯುರಿಯಲ್‌ಗಳಲ್ಲಿ ಇಲ್ಲ. ಆದ್ದರಿಂದ ಸ್ಟೇಜ್ ಮಾಡದೆ ತರುವುದು ಹೇಗೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆದರೆ ಬೇರೆ ಬಗೆಯ ತೊಡಕುಗಳಿವೆ. ಸಬ್‌ವರ್ಷನ್‌ನಲ್ಲಿ ‘ಅಪ್‌ಡೇಟ್’ ಆದೇಶಕ್ಕೆ ಹಳೆಯ ಸಂಖ್ಯೆಯನ್ನು ಕೊಟ್ಟು ಕಡತವನ್ನು ಹಿಂದಕ್ಕೆ ಒಯ್ದರೆ, ಆ ಕಡತ ಬದಲಾಗಿದೆಯೆಂದು ವ್ಯವಸ್ಥೆ ಪರಿಗಣಿಸುವುದಿಲ್ಲ. ಅದನ್ನು ಕಮಿಟ್ ಮಾಡಲೂ ಆಗುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಅದು ಮತ್ತೆ ಹೊಸದಾಗುತ್ತದೆ. ಹಳೆಯ ರೂಪವನ್ನು ಹೊಸ ಬದಲಾವಣೆಯಾಗಿ ತರಬೇಕಾದರೆ ‘ಕ್ಯಾಟ್’ ಆದೇಶದಿಂದ ಪಠ್ಯವನ್ನು ಪಡೆಯಬೇಕು, ಇಲ್ಲವೇ ‘ಮರ್ಜ್’ ಆದೇಶವನ್ನು ಹಿಮ್ಮುಖವಾಗಿ ಬಳಸಬೇಕು. ಸಿವಿಎಸ್‌ನಲ್ಲಿ ಹಳೆಯ ಸಂಖ್ಯೆಯೊಡನೆ ಅಪ್‌ಡೇಟ್ ಮಾಡಿದರೆ ಕಡತಕ್ಕೆ ಅಂಟುಗುರುತೊಂದು ಬಿದ್ದು, ಅದನ್ನು ಬಿಡಿಸುವವರೆಗೆ ಕಡತವು ಆ ಸಂಖ್ಯೆಯಲ್ಲಿಯೇ ನಿಂತಿರುತ್ತದೆ. ಮರ್ಕ್ಯುರಿಯಲ್‌ನ ‘ರಿವರ್ಟ್’ ಆದೇಶವು ಹೆಸರು ಒಂದೇ ಆದರೂ ಗಿಟ್‌ನ ರಿವರ್ಟ್‌ನಂತಲ್ಲದೆ ರಿಸ್ಟೋರ್‌ನ ಕೆಲಸವನ್ನೇ ಮಾಡುತ್ತದೆ. ಕಮಿಟ್ ಆಗದ ತಿದ್ದುಪಡಿಗಳಿರುವ ಕಡತದ ಮೇಲೆ ಬರೆಯುವ ಮೊದಲು ಅದು, ಬೇಡವೆಂದು ಹೇಳದ ಹೊರತು, ಕಡತದ ಒಂದು ನಕಲನ್ನು ‘.ಆರಿಗ್’ ಎಂಬ ಬಾಲದೊಡನೆ ಪಕ್ಕದಲ್ಲಿಯೇ ಇರಿಸುತ್ತದೆ. ಗಿಟ್‌ನ ರಿಸ್ಟೋರ್‌ನಲ್ಲಿ ಈ ಸೌಲಭ್ಯವಿಲ್ಲ.